ಬಾಯಿಗೆ ಅಡ್ಡ ಹಿಡಿದ ಕೈ: ಸೇಲಂ, ಧರ್ಮಪುರಿ ಸೀಮೆಯ ಮಕ್ಕಳ ಓದು ಮತ್ತು ದಾರಿ



ಈ ದತ್ತಿಯನ್ನು ಇಟ್ಟ ಹಿರಿಯರು ಬದುಕಿಡೀ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ವರ್ಷಕ್ಕೊಮ್ಮೆ ನಡೆಯುವ ಈ ಉಪನ್ಯಾಸ ವಿದ್ಯಾರ್ಥಿಯ ಬದುಕನ್ನು ಕುರಿತೇ ಇರಬೇಕು ಎಂದು ಅವರು ಬರೆದಿಟ್ಟಿದ್ದಾರೆ. ಓದಿನ ಯಶಸ್ಸನ್ನೂ ಮುಂದಿನ ವೃತ್ತಿಯ ದಾರಿಯನ್ನೂ ರೂಪಿಸುವ ವೈಯಕ್ತಿಕ ಅಂಶಗಳು ಎಂಬ ವಿಷಯ ನನ್ನ ಪಾಲಿಗೆ ಬಂದಿದೆ. ಇಷ್ಟು ದೊಡ್ಡ ವಿಷಯವನ್ನು ನನಗೆ ಗೊತ್ತಿರುವ ನೆಲದ ಮೇಲೆ ಇಟ್ಟುಕೊಂಡೇ ಮಾತಾಡುತ್ತೇನೆ. ನಾನು ಹುಟ್ಟಿದ್ದು ತಮಿಳುನಾಡಿನ ಸೇಲಂ ಜಿಲ್ಲೆಯ ಒಂದು ನೇಕಾರರ ಹಳ್ಳಿಯಲ್ಲಿ, ಕನ್ನಡ ಮಾತಾಡುವ ದೇವಾಂಗರ ಮನೆಯಲ್ಲಿ. ಬಂಧುಬಳಗ ಧರ್ಮಪುರಿಯವರೆಗೂ ಹರಡಿದೆ. ಬೆಂಗಳೂರಿಗೆ ಬಂದು ನಲವತ್ತು ವರ್ಷವಾದರೂ ಮಕ್ಕಳ ಓದು ಎಂದ ಕೂಡಲೇ ನನ್ನ ಮನಸ್ಸು ತೊಪ್ಪೂರು ಘಾಟಿಯ ಆಚೆಗೇ ಹೋಗುತ್ತದೆ.

ಶಿಕ್ಷಣಶಾಸ್ತ್ರದ ಪ್ರಬಂಧಗಳನ್ನು ಓದಿದವರಿಗೆ ಆ ಪಟ್ಟಿ ಗೊತ್ತೇ ಇದೆ. ಬುದ್ಧಿಶಕ್ತಿ, ಆಸಕ್ತಿ, ಆತ್ಮವಿಶ್ವಾಸ, ಓದಿನ ಅಭ್ಯಾಸ, ಪರೀಕ್ಷೆಯ ಆತಂಕ, ಗುರಿ. ಮಕ್ಕಳ ಕೈಗೆ ಪ್ರಶ್ನಾವಳಿ ಕೊಟ್ಟು, ಒಂದೊಂದಕ್ಕೂ ಅಂಕ ಹಾಕಿ, ವಾರ್ಷಿಕ ಪರೀಕ್ಷೆಯ ಅಂಕದ ಪಕ್ಕ ಇಟ್ಟು ನೋಡುತ್ತಾರೆ. ಆತ್ಮವಿಶ್ವಾಸ ಹೆಚ್ಚಿರುವ ಮಗು ಹೆಚ್ಚು ಅಂಕ ತೆಗೆಯುತ್ತದೆ ಎಂದು ತಿಳಿಯುತ್ತದೆ. ಆ ಕೆಲಸ ಬೇಕಾದದ್ದೇ. ಆದರೆ ಆತ್ಮವಿಶ್ವಾಸ ಆ ಮಗುವಿಗೆ ಎಲ್ಲಿಂದ ಬಂತು, ಪಕ್ಕದ ಬೆಂಚಿನ ಮಗುವಿನಿಂದ ಯಾರು ಕಸಿದುಕೊಂಡರು ಎಂದು ಕೇಳುವ ಹೊತ್ತಿಗೆ ಪ್ರಬಂಧ ಮುಗಿದಿರುತ್ತದೆ. ವೈಯಕ್ತಿಕ ಎಂಬ ಶಬ್ದದ ಮೇಲೆ ನನಗಿರುವ ತಕರಾರು ಇದು. ಮಗುವಿನದು ಎಂದು ನಾವು ಬರೆದುಕೊಳ್ಳುವ ಎಷ್ಟೋ ಗುಣಗಳು ನೀರಿನಿಂದ, ದೀಪದಿಂದ, ಅಕ್ಕನಿಂದ, ಯಾರೋ ಒಬ್ಬರು ಆಡಿದ ಒಂದು ಮಾತಿನಿಂದ ಬಂದವು. ಆ ಮೂಲಗಳನ್ನು ಹುಡುಕಿ ತೋರಿಸುವುದಷ್ಟೇ ನನ್ನ ಈ ಹೊತ್ತಿನ ಕೆಲಸ.

ಸುಮಾರು ಹದಿನೈದು ವರ್ಷದ ಹಿಂದೆ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಒಂದು ಮಧ್ಯಾಹ್ನ ಕಳೆದೆ. ಒಂಬತ್ತನೇ ತರಗತಿ, ಗಣಿತದ ಪಾಠ. ಒಬ್ಬಳು ಹುಡುಗಿಯನ್ನು ಬೋರ್ಡಿಗೆ ಕರೆದರು. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತ ಅವಳು ಒಂದೊಂದು ಹೆಜ್ಜೆಯನ್ನೂ ಜೋರಾಗಿ, ಸ್ಪಷ್ಟವಾಗಿ ಹೇಳಿದಳು. ಬಾಗಿಲ ಹೊರಗೆ ನಿಂತಿದ್ದ ನನಗೂ ಕೇಳಿಸಿತು. ಲೆಕ್ಕ ಮುಗಿದು ತರಗತಿಯ ಕಡೆ ತಿರುಗಿದಳು. ತಿರುಗುತ್ತಿದ್ದ ಹಾಗೆ ಎಡಗೈ ತಾನಾಗಿ ಬಾಯಿಗೆ ಅಡ್ಡ ಬಂತು. ಮೇಷ್ಟರು ಕೇಳಿದ ಮುಂದಿನ ಪ್ರಶ್ನೆಗೆ ಆ ಕೈಯ ಹಿಂದಿನಿಂದ ಬಂದ ಉತ್ತರ ಮುಂದಿನ ಬೆಂಚನ್ನೂ ಮುಟ್ಟಲಿಲ್ಲ. ಮತ್ತೆ ಬೋರ್ಡಿನ ಕಡೆ ತಿರುಗಿದಾಗ ಕೈ ಕೆಳಗಿಳಿಯಿತು, ದನಿ ವಾಪಸು ಬಂತು. ಹೊರಗೆ ಬಂದ ಮೇಲೆ ಮೇಷ್ಟರು ಒಂದೇ ಮಾತು ಹೇಳಿದರು: "ಹಲ್ಲು, ಸಾರ್."

ಧರ್ಮಪುರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಬಹಳ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಲೆಕ್ಕ. ಅಲ್ಲಿಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ದಾಟಿತ್ತು. ಶಾಶ್ವತ ಹಲ್ಲುಗಳ ಮೇಲಿನ ಎನಾಮಲ್ ಕಟ್ಟಿಕೊಳ್ಳುವುದು ಮಗುವಿನ ಮೊದಲ ಏಳೆಂಟು ವರ್ಷಗಳಲ್ಲಿ. ಆಗ ಇಂಥ ನೀರು ಕುಡಿದರೆ ಹಲ್ಲು ಒಸಡಿನೊಳಗಿರುವಾಗಲೇ ಹಾಳಾಗಿ, ಹೊರಗೆ ಬರುವಾಗ ಸುಣ್ಣದ ಮಚ್ಚೆ, ಹಳದಿ ಗೆರೆ, ಕಂದು ಕಲೆ ಹೊತ್ತೇ ಬರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಮ್ಮ ಪಾವಗಡ, ಕೋಲಾರ, ಮುಂಡರಗಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿನಲ್ಲಿ ಎಲ್ಲರ ಹಲ್ಲೂ ಹಾಗೆಯೇ ಇದ್ದಾಗ ಯಾರಿಗೂ ಏನೂ ಅನಿಸುವುದಿಲ್ಲ. ಬೇರೆ ಊರಿನ ಮಕ್ಕಳು ಬಂದು ಸೇರುವ ಹೈಸ್ಕೂಲಿನಲ್ಲಿ ಮೊದಲ ಸಲ ಅನಿಸುತ್ತದೆ.

ಮುಂದೆ ಏನಾಗಬೇಕು ಅಂತ ಇದ್ದೀಯಮ್ಮ ಎಂದು ಆ ಹುಡುಗಿಯನ್ನು ಕೇಳಿದೆ. ಟೀಚರ್ ಆಗುತ್ತೀಯಾ ಎಂದೂ ಕೇಳಿದೆ, ಅಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದಳು. ಬೇಡ ಎಂದು ತಲೆ ಆಡಿಸಿದಳು. ಮಾತಾಡದೆ ಮಾಡುವ ಕೆಲಸ ಏನಾದರೂ ಸಿಕ್ಕರೆ ಸಾಕು ಎಂದಳು. ಅವಳ ಕೈಗೂ ಪ್ರಶ್ನಾವಳಿ ಕೊಟ್ಟಿದ್ದರೆ ಸಭಾಕಂಪ, ಅಂತರ್ಮುಖಿ, ಆತ್ಮವಿಶ್ವಾಸ ಕಡಿಮೆ ಎಂದು ಬರುತ್ತಿತ್ತು. ಹದಿನಾಲ್ಕು ವರ್ಷದ ಮಗುವಿನ ವೃತ್ತಿಯ ದಾರಿಯನ್ನು ಅವಳ ಊರಿನ ಬೋರ್‌ವೆಲ್ ತಿರುಗಿಸಿತ್ತು.

ಹೊಗೇನಕಲ್ ಎಂದರೆ ಕನ್ನಡಿಗರಿಗೆ ಜಲಪಾತದ ಜೊತೆಗೆ 2008ರ ಜಗಳವೂ ನೆನಪಾಗುತ್ತದೆ. ಅಲ್ಲಿಂದ ಕಾವೇರಿ ನೀರೆತ್ತುವ ಯೋಜನೆಯ ವಿರುದ್ಧ ಇಲ್ಲಿ ಪ್ರತಿಭಟನೆಗಳಾದವು, ಅಲ್ಲಿ ಅದಕ್ಕೆ ಪ್ರತಿಯಾಗಿ ಆದವು. ನದಿಯ ಪಾಲಿನ ವಾದ ಬೇರೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆ ಯೋಜನೆಯ ಹೆಸರಿನಲ್ಲಿಯೇ ಫ್ಲೋರೋಸಿಸ್ ತಡೆ ಎಂಬ ಮಾತಿದೆ ಎಂದಷ್ಟು ಹೇಳುತ್ತೇನೆ. ಜಪಾನಿನ ಸಾಲದ ನೆರವಿನಿಂದ ಕಟ್ಟಿ 2013ರ ಮೇ ತಿಂಗಳಲ್ಲಿ ಅದನ್ನು ಚಾಲೂ ಮಾಡಿದರು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಊರುಗಳಿಗೆ ನದಿಯ ನೀರು ಹೋಯಿತು. ಆಮೇಲೆ ಹುಟ್ಟಿ ಆ ನೀರನ್ನೇ ಕುಡಿದು ಬೆಳೆದ ಮಕ್ಕಳು ಈಗ ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಿದ್ದಾರೆ. ಅವರಲ್ಲಿ ಎಷ್ಟು ಜನ ತರಗತಿಯ ಕಡೆ ತಿರುಗಿ, ಕೈ ಕೆಳಗೇ ಇಟ್ಟು ಉತ್ತರ ಹೇಳುತ್ತಾರೆ ಎಂದು ಯಾರಾದರೂ ಕೂತು ಎಣಿಸಬೇಕು ಎಂಬುದು ನನ್ನ ಆಸೆ.

ಕಣ್ಣಿನ ಮಾತೂ ಹೀಗೆಯೇ. ಚೀನಾದ ಗಾನ್ಸು ಪ್ರಾಂತದ ಹಳ್ಳಿಶಾಲೆಗಳಲ್ಲಿ ದೃಷ್ಟಿ ಮಂದವಾದ ಮಕ್ಕಳಿಗೆ ಉಚಿತವಾಗಿ ಕನ್ನಡಕ ಕೊಟ್ಟು ನೋಡಿದರು. ಒಂದು ವರ್ಷದೊಳಗೇ ಅಂಕಗಳು ಏರಿದವು. ದಡ್ಡ ಎಂದು ಹೆಸರಾದ ಎಷ್ಟೋ ಮಕ್ಕಳಿಗೆ ಬೋರ್ಡು ಕಾಣುತ್ತಿರಲಿಲ್ಲ, ಅಷ್ಟೇ. ಆದರೂ ಕೊಟ್ಟ ಕನ್ನಡಕವನ್ನು ಬೇಡವೆಂದ ಮನೆಗಳೂ ಕಡಿಮೆ ಇರಲಿಲ್ಲ. ನಮ್ಮಲ್ಲಿಯೂ ಹೆಣ್ಣುಮಗುವಿಗೆ ಕನ್ನಡಕ ಎಂದರೆ ಮದುವೆಯ ಚಿಂತೆ ಮುಂದೆ ಬಂದು ನಿಲ್ಲುತ್ತದೆ.

ಈ ಸೀಮೆಯ ಬಗ್ಗೆ ಇನ್ನಷ್ಟು ಹೇಳಬೇಕು. ಇಂದಿನ ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ನಾಲ್ಕೂ ಒಂದು ಕಾಲಕ್ಕೆ ಒಂದೇ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 1997ರಲ್ಲಿ ನಾಮಕ್ಕಲ್. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಒಡೆಯಿತು. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಬಾರಾಮಹಲ್ ಇದೇ. ತಮಿಳಿನ ಜೊತೆಗೆ ಕನ್ನಡ, ತೆಲುಗು, ಸೌರಾಷ್ಟ್ರ ಒಂದೇ ಬೀದಿಯಲ್ಲಿ ಕೇಳಿಸುವ ನೆಲ. ಏರ್ಕಾಡು, ಕಲ್‌ರಾಯನ್, ಸಿತ್ತೇರಿ ಬೆಟ್ಟಗಳ ಮೇಲೆ ಮಲಯಾಳಿ ಎಂಬ ಹೆಸರಿನ ಬುಡಕಟ್ಟಿನವರಿದ್ದಾರೆ. ಅವರ ಮಾತು ತಮಿಳೇ. 2011ರ ಜನಗಣತಿಯಲ್ಲಿ ತಮಿಳುನಾಡಿನ ಸಾಕ್ಷರತೆ ನೂರಕ್ಕೆ 80 ಇದ್ದರೆ ಧರ್ಮಪುರಿಯದು 68ರ ಆಸುಪಾಸು, ಇಡೀ ರಾಜ್ಯದಲ್ಲಿ ಕೊನೆಯದು. ಆ ಅಂಕಿಯ ಹಿಂದೆ ಮಳೆ ಕೈಕೊಟ್ಟ ಹೊಲಗಳಿವೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ, ಬನಿಯನ್ ಕಾರ್ಖಾನೆಗೆ ತಿರುಪ್ಪೂರಿಗೆ ಹೊರಟುಹೋದ ಅಪ್ಪ ಅಮ್ಮಂದಿರಿದ್ದಾರೆ, ಅಜ್ಜಿಯ ಜೊತೆ ಊರಿನಲ್ಲಿ ಉಳಿದ ಮಕ್ಕಳಿದ್ದಾರೆ. ಸಂಜೆ ಪುಸ್ತಕ ತೆಗಿ ಎಂದು ಹೇಳಲು ಮನೆಯಲ್ಲಿ ಯಾರಿದ್ದಾರೆ ಎಂಬುದು ಓದಿನ ಅಭ್ಯಾಸ ಎಂಬ ಕಾಲಂನಲ್ಲಿ ಕಾಣುವುದಿಲ್ಲ.

ಈಗ ನಮ್ಮ ಮನೆಯ ಮಾತು. ಒಂದೇ ಕೋಣೆ, ಅದರ ಮುಕ್ಕಾಲು ಪಾಲು ಕುಣಿಮಗ್ಗದ್ದು. ಅಪ್ಪ ಕುಣಿಯೊಳಗೆ ಕಾಲಿಳಿಸಿ ಕೂತರೆ ಲಾಳಿಯ ಸದ್ದು ರಾತ್ರಿ ಹತ್ತರವರೆಗೂ ನಿಲ್ಲುತ್ತಿರಲಿಲ್ಲ. ಇದ್ದದ್ದು ಒಂದು ಸೀಮೆಎಣ್ಣೆ ದೀಪ. ಅದರ ಜಾಗವನ್ನು ತೀರ್ಮಾನಿಸುವುದು ಮಗ್ಗ, ಎಳೆ ತುಂಡಾದರೆ ಅಪ್ಪನಿಗೆ ಕಾಣಬೇಕಲ್ಲ. ಆ ಬೆಳಕು ನೆಲಕ್ಕೆ ಬೀಳುವ ಕಡೆ ಇಬ್ಬರು ಕೂರಬಹುದಾದಷ್ಟೇ ಜಾಗ. ಅಲ್ಲಿ ನಾನು ಪುಸ್ತಕ ಹಿಡಿದು ಕೂರುತ್ತಿದ್ದೆ, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಅಪ್ಪ ಒಂದು ಕಂಡಿಕೆ ಖಾಲಿ ಮಾಡುವ ಹೊತ್ತಿಗೆ ಇನ್ನೊಂದು ತಯಾರಿರಬೇಕು. ಸ್ವಲ್ಪ ದಿನದ ಮೇಲೆ ಅಕ್ಕ ದೀಪಕ್ಕೆ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ ಸುತ್ತತೊಡಗಿದಳು. ಕೈಗೆ ಎಳೆ ಗೊತ್ತಾಗುತ್ತೆ, ಕಣ್ಣು ಬೇಕಿಲ್ಲ, ನೀನು ಸರಿಯಾಗಿ ಕೂತ್ಕೋ ಎಂದಳು. ಆ ಜಾಗ ಪೂರ್ತಿ ನನ್ನದಾಯಿತು.

ಅಕ್ಕ ಎಂಟನೇ ತರಗತಿಯವರೆಗೆ ಓದಿದಳು. ತರಗತಿಗೆ ಎರಡನೆಯವಳು. ಹೈಸ್ಕೂಲು ಮೂರು ಮೈಲಿ ದೂರವಿತ್ತು. ಮನೆಯಲ್ಲಿ ಇನ್ನೊಂದು ಮಗು ಹುಟ್ಟಿತು, ಕಂಡಿಕೆ ಸುತ್ತಲು ಬೇರೆ ಕೈ ಇರಲಿಲ್ಲ. ಜೂನ್ ತಿಂಗಳಲ್ಲಿ ಅವಳು ಶಾಲೆಗೆ ಹೋಗಲಿಲ್ಲ, ಅಷ್ಟೇ. ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ನಡೆದದ್ದು ನನಗೆ ನೆನಪಿಲ್ಲ. ನಾನು 1978ರಲ್ಲಿ ಹತ್ತನೇ ತರಗತಿ ಮುಗಿಸಿದೆ. ಆ ವರ್ಷವೇ ತಮಿಳುನಾಡಿನಲ್ಲಿ ಪ್ಲಸ್ ಟು ಶುರುವಾದದ್ದು, ನಾನು ಅದರ ಮೊದಲ ತಂಡದವನು. ಓದಿನಲ್ಲಿ ಏಕಾಗ್ರತೆ ಚೆನ್ನಾಗಿದೆ ಎಂದು ಮೇಷ್ಟರುಗಳು ನನ್ನನ್ನು ಹೊಗಳುತ್ತಿದ್ದರು. ಆ ಏಕಾಗ್ರತೆ ಅಕ್ಕ ಗೋಡೆಯ ಕಡೆ ತಿರುಗಿ ಕೂತು ಕೊಟ್ಟದ್ದು ಎಂದು ನನಗೆ ತಿಳಿಯುವ ಹೊತ್ತಿಗೆ ಅವಳಿಗೆ ಮದುವೆಯಾಗಿತ್ತು.

ಇದೇ ಹಳೆಯ ಸೇಲಂ ಜಿಲ್ಲೆಯಲ್ಲಿ, ಹೊಸೂರಿನ ಹತ್ತಿರ ತೊರಪಳ್ಳಿಯಲ್ಲಿ 1878ರಲ್ಲಿ ಒಂದು ಮಗು ಹುಟ್ಟಿತು. ಬಡಕಲು ಮೈ, ಮೇಲಿಂದ ಮೇಲೆ ಕಾಯಿಲೆ. ಬದುಕುತ್ತದೋ ಇಲ್ಲವೋ ಎಂದು ಹೆತ್ತವರಿಗೆ ಚಿಂತೆ. ಮಗು ಹೊಸೂರಿನ ಶಾಲೆ ಸೇರಿತು, 1891ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1894ರಲ್ಲಿ ಬಿ.ಎ., ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1897ರಲ್ಲಿ ಕಾನೂನು. 1900ರ ಹೊತ್ತಿಗೆ ಸೇಲಂನಲ್ಲಿ ವಕೀಲಿ, 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷ. ಮುಂದೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ಚಕ್ರವರ್ತಿ ರಾಜಗೋಪಾಲಾಚಾರಿ ಇವರು. ಆ ಮೇಧಾವಿತನ ಅಪರೂಪದ್ದು, ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ನಾನು ನೋಡುವುದು ಆ ಮನೆಯನ್ನು. ತಂದೆ ತೊರಪಳ್ಳಿಯ ಮುನ್ಸೀಫರು. ಹೊಸೂರಿನ ಮುಂದೆ ಬೆಂಗಳೂರು, ಬೆಂಗಳೂರಿನ ಮುಂದೆ ಮದರಾಸು, ಓದಿನ ಮುಂದೆ ವಕೀಲಿ ಎಂಬ ದಾರಿ ಆ ಮನೆಗೆ ಮೊದಲೇ ಗೊತ್ತಿತ್ತು. ಕಾಯಿಲೆಯ ಮಗು ಆ ದಾರಿಯಲ್ಲಿ ನಡೆಯಿತು. ಎಂಟನೆಯ ತರಗತಿಯ ಮುಂದೆ ಏನಿದೆ ಎಂದು ನಮ್ಮ ಬೀದಿಯಲ್ಲಿ ಹೇಳಬಲ್ಲವರು ಯಾರೂ ಇರಲಿಲ್ಲ.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಒಂದು ಮಾತು ಮುಂದಿಟ್ಟರು. ಇದು ನನ್ನ ಕೈಲಾಗುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಹೆಚ್ಚಾಗಿ ಮಾಡಿ ಗೆದ್ದ ಅನುಭವದಿಂದ ಬರುತ್ತದೆ. ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ನೋಡಿದಾಗಲೂ ಬರುತ್ತದೆ, ನಂಬಿದವರು ನಿನಗಾಗುತ್ತದೆ ಎಂದಾಗಲೂ ಸ್ವಲ್ಪ ಬರುತ್ತದೆ. ಮೈಮನಸ್ಸಿನ ಸ್ಥಿತಿ ಅದನ್ನು ಏರಿಸುತ್ತದೆ, ಇಳಿಸುತ್ತದೆ. ಇದನ್ನು ಓದಿದಾಗ ನನಗೆ ನೆನಪಾಗುವವರು ಮಾರಿಯಪ್ಪನ್ ತಂಗವೇಲು. ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯವರು. ಐದನೇ ವಯಸ್ಸಿನಲ್ಲಿ ಶಾಲೆಗೆ ನಡೆದು ಹೋಗುವಾಗ ಬಸ್ಸು ಹರಿದು ಬಲಗಾಲು ಮೊಣಕಾಲಿನ ಕೆಳಗೆ ನಜ್ಜುಗುಜ್ಜಾಯಿತು. ತಾಯಿ ತರಕಾರಿ ಮಾರಿ ಮಕ್ಕಳನ್ನು ಸಾಕಿದರು, ಚಿಕಿತ್ಸೆಗೆ ಸಾಲ ಮಾಡಿದರು. ವಾಲಿಬಾಲ್ ಆಡುತ್ತಿದ್ದ ಹುಡುಗನಲ್ಲಿ ಎತ್ತರ ಜಿಗಿತದ ಶಕ್ತಿಯನ್ನು ಕಂಡವರು ಶಾಲೆಯ ದೈಹಿಕ ಶಿಕ್ಷಕರು. ಹದಿನಾಲ್ಕನೇ ವಯಸ್ಸಿಗೆ ಎರಡೂ ಕಾಲು ಗಟ್ಟಿಯಿರುವ ಹುಡುಗರ ಜೊತೆ ಸ್ಪರ್ಧಿಸಿ ಎರಡನೆಯವನಾಗಿ ಬಂದದ್ದೇ ಆ ಹುಡುಗನ ಮೊದಲ ದೊಡ್ಡ ಗೆಲುವು. ಮುಂದೆ ಬೆಂಗಳೂರಿನಲ್ಲಿ ತರಬೇತುದಾರ ಸತ್ಯನಾರಾಯಣ ಅವರ ಕೈಕೆಳಗೆ ಪಳಗಿ, 2016ರಲ್ಲಿ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 1.89 ಮೀಟರ್ ಜಿಗಿದು ಚಿನ್ನ ಗೆದ್ದರು. ಟೋಕಿಯೊದಲ್ಲಿ ಬೆಳ್ಳಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಮಿತಿ ಹಾಕಿಕೊಳ್ಳಬೇಕು. ತಾಯಿ, ಶಿಕ್ಷಕರು, ತರಬೇತುದಾರರು ಎಲ್ಲರನ್ನೂ ಎಣಿಸಿದ ಮೇಲೂ ಒಂದು ಉಳಿಯುತ್ತದೆ. ಬೆಳಗ್ಗೆ ಎದ್ದು, ನೋಯುವ ಕಾಲನ್ನು ಊರಿ, ನಿನ್ನೆ ಬಿದ್ದ ಕಂಬಿಯನ್ನು ಇವತ್ತು ಮತ್ತೆ ದಾಟಲು ಓಡಿ ಬಂದವರು ಆ ಹುಡುಗನೇ. ಅದನ್ನು ಬೇರೆ ಯಾರೂ ಮಾಡಿಕೊಡಲಿಲ್ಲ. ಅಂಥ ಹಟ ಇರುವ ಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದಾರೆ ಎಂದು ನಾನು ನಂಬುತ್ತೇನೆ. ಆ ಹಟವನ್ನು ಕಂಡು ಗುರುತಿಸುವ ಒಂದು ಜೊತೆ ಕಣ್ಣು ಎಲ್ಲ ಊರುಗಳಲ್ಲಿಯೂ ಇಲ್ಲ.

ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ತಮಿಳುನಾಡಿನ ಮಗು ಗ್ರೂಪ್ ಆರಿಸಬೇಕು. ಗಣಿತ ಇರುವ ಗ್ರೂಪ್, ಜೀವಶಾಸ್ತ್ರ ಇರುವ ಗ್ರೂಪ್, ಕಾಮರ್ಸ್, ವೊಕೇಷನಲ್. ಹದಿನೈದು ವರ್ಷಕ್ಕೆ ಮಾಡಿದ ಈ ಆಯ್ಕೆ ಮುಂದಿನ ಎಷ್ಟೋ ಬಾಗಿಲುಗಳನ್ನು ತೆರೆಯುತ್ತದೆ, ಎಷ್ಟೋ ಬಾಗಿಲು ಮುಚ್ಚುತ್ತದೆ. ಯಾಕೆ ಈ ಗ್ರೂಪ್ ತಗೊಂಡೆ ಎಂದು ಊರಿಗೆ ಹೋದಾಗಲೆಲ್ಲ ಬಂಧುಗಳ ಮಕ್ಕಳನ್ನು ಕೇಳುವುದು ನನ್ನ ಅಭ್ಯಾಸ. ಫ್ರೆಂಡ್ ತಗೊಂಡ, ಆ ಸ್ಕೂಲಲ್ಲಿ ಅದೊಂದೇ ಇತ್ತು, ಅಣ್ಣನ ಪುಸ್ತಕ ಮನೆಯಲ್ಲಿತ್ತು. ಇವು ನಾನು ಹೆಚ್ಚು ಕೇಳಿದ ಉತ್ತರಗಳು. ಮಗು ಕಂಡವರ ಕೆಲಸವನ್ನೇ ಆರಿಸುತ್ತದೆ. ಸೇಲಂ ಕಡೆಯ ಮಗು ಮಗ್ಗವನ್ನು ನೋಡಿದೆ, ಸಂಗಗಿರಿಯ ಲಾರಿಗಳನ್ನು, ತಿರುಚೆಂಗೋಡಿನ ಬೋರ್‌ವೆಲ್ ಗಾಡಿಗಳನ್ನು ನೋಡಿದೆ, ಪೊಲೀಸರನ್ನು, ಟೀಚರನ್ನು, ನರ್ಸನ್ನು ನೋಡಿದೆ. ಭೂವಿಜ್ಞಾನಿಯನ್ನು ನೋಡಿಲ್ಲ, ಮ್ಯಾಗ್ನಸೈಟ್ ಗಣಿಗಳು ಊರ ಪಕ್ಕದಲ್ಲಿಯೇ ಇದ್ದರೂ.

ತಿಳಿಸಿ ಹೇಳಿದರೆ ಬದಲಾಗುತ್ತದೆಯೇ? ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಡೊಮಿನಿಕನ್ ರಿಪಬ್ಲಿಕ್ ದೇಶದ ಎಂಟನೇ ತರಗತಿಯ ಹುಡುಗರಲ್ಲಿ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಓದು ಮುಗಿಸಿದವರಿಗೂ ಬಿಟ್ಟವರಿಗೂ ಸಂಬಳದಲ್ಲಿ ಎಷ್ಟು ವ್ಯತ್ಯಾಸ ಎಂಬ ನಿಜವಾದ ಲೆಕ್ಕವನ್ನು ಕೆಲವು ಶಾಲೆಗಳಲ್ಲಿ ಹೇಳಿದರು, ಅಷ್ಟೇ. ಆ ಹುಡುಗರು ಮುಂದಿನ ನಾಲ್ಕು ವರ್ಷಗಳಲ್ಲಿ ಉಳಿದವರಿಗಿಂತ ಹೆಚ್ಚು ಕಾಲ ಶಾಲೆಯಲ್ಲಿ ಉಳಿದರು. ಆದರೆ ತೀರ ಬಡ ಮನೆಯ ಹುಡುಗರಲ್ಲಿ ಹೆಚ್ಚಿನ ಬದಲಾವಣೆ ಆಗಲಿಲ್ಲ. ಅವರಿಗೂ ವಿಷಯ ಅರ್ಥವಾಗಿತ್ತು, ಓದುವ ಖರ್ಚಿಗೆ ದಾರಿ ಇರಲಿಲ್ಲ. ತಮಿಳುನಾಡು ಸರ್ಕಾರ 2022ರಲ್ಲಿ ಶುರು ಮಾಡಿದ 'ನಾನ್ ಮುದಲ್ವನ್' ಯೋಜನೆ ಯಾವ ಓದು ಯಾವ ಕೆಲಸಕ್ಕೆ ಎಂದು ತಿಳಿಸುವ, ಕೌಶಲ ಕಲಿಸುವ ಕೆಲಸಕ್ಕೆ ಕೈಹಾಕಿದೆ. ಒಳ್ಳೆಯ ಕೆಲಸ. ಹಣದ ಕೈ ಅದರ ಜೊತೆಗೆ ಇದ್ದಾಗಲೇ ಕೊನೆಯ ಬೆಂಚಿನ ಮಗುವಿಗೆ ಅದು ಮುಟ್ಟುತ್ತದೆ.

ಪಕ್ಕದ ನಾಮಕ್ಕಲ್ ಕಡೆ ಬೆಳೆದ ವಸತಿ ಶಾಲೆಗಳ ಪದ್ಧತಿಯ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ. ಬೆಳಗಿನ ಜಾವದಿಂದ ರಾತ್ರಿಯವರೆಗೆ ಮಕ್ಕಳನ್ನು ಕೂಡಿಹಾಕಿ, ಹನ್ನೊಂದನೇ ತರಗತಿಯ ಪಾಠವನ್ನೇ ಬದಿಗಿಟ್ಟು ಹನ್ನೆರಡರದ್ದನ್ನೇ ಎರಡು ವರ್ಷ ಉರುಹೊಡೆಸುವ ಅಭ್ಯಾಸ ರಾಜ್ಯದಲ್ಲಿ ಬೇರೂರಿತ್ತು. ಅದನ್ನು ತಡೆಯಲೆಂದೇ 2017–18ರಲ್ಲಿ ಹನ್ನೊಂದಕ್ಕೂ ಪಬ್ಲಿಕ್ ಪರೀಕ್ಷೆ ತರಬೇಕಾಯಿತು, ರ‍್ಯಾಂಕ್ ಪಟ್ಟಿ ನಿಲ್ಲಿಸಬೇಕಾಯಿತು. ಅಂಕ ಬಂತು, ನಿಜ. ನನಗೇನು ಇಷ್ಟ ಎಂದು ಮಗು ತನ್ನನ್ನು ತಾನು ಕೇಳಿಕೊಳ್ಳುವ ವಯಸ್ಸು ಅಲ್ಲಿಯೇ ಕಳೆದುಹೋಯಿತು. ನೀಟ್ ಬಂದ ಮೇಲೆ ಆ ಒತ್ತಡ ಇನ್ನೂ ಬಿಗಿಯಿತು. ಆ ಪರೀಕ್ಷೆಯ ಭಯಕ್ಕೆ ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳು ಮಕ್ಕಳನ್ನು ಕಳೆದುಕೊಂಡಿವೆ. ಆ ತಾಯಂದಿರ ಮುಂದೆ ನಿಂತು ಆತಂಕ ಒಂದು ವೈಯಕ್ತಿಕ ಅಂಶ ಎಂದು ಹೇಳಲು ನನ್ನಿಂದಾಗದು.

ಭಾಷೆಯ ಮಾತಿಗೆ ಬರುತ್ತೇನೆ. ಇದು ನನ್ನ ದಾರಿಯನ್ನು ತಿರುಗಿಸಿದ ಸಂಗತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಎರಡನೇ ತರಗತಿಯ ಹೊತ್ತಿಗೆ ನನಗೊಂದು ಗುಟ್ಟು ಹೊಳೆದಿತ್ತು. ಮನೆಯ ಮಾತಿನ ಮೊದಲಕ್ಷರ 'ಹ' ಇದ್ದರೆ ಅದನ್ನು 'ಪ' ಮಾಡಿದರೆ ಸಾಕು, ಶಾಲೆಯ ಮಾತಾಗುತ್ತದೆ. ಹಾಲು ಅಂದರೆ ಪಾಲ್. ಹುಲಿ ಅಂದರೆ ಪುಲಿ. ಹಲ್ಲು ಪಲ್, ಹತ್ತು ಪತ್ತು, ಹೂವು ಪೂ. ಯಾರೂ ಹೇಳಿಕೊಟ್ಟದ್ದಲ್ಲ. ಒಂದು ದಿನ ವಾದ್ಯಾರು ಎಲ್ಲರನ್ನೂ ನಿಮ್ಮ ಮನೆ ಎಲ್ಲಿ ಎಂದು ಕೇಳುತ್ತ ಬಂದರು. ಹಳ್ಳಿಯಲ್ಲಿ ಎನ್ನಬೇಕಿತ್ತು. ನನ್ನ ಗುಟ್ಟಿನ ಪ್ರಕಾರ ಅದು 'ಪಳ್ಳಿ' ಆಗಬೇಕಲ್ಲ, ಧೈರ್ಯವಾಗಿ ಹೇಳಿದೆ. ಪಳ್ಳಿ ಎಂದರೆ ತಮಿಳಿನಲ್ಲಿ ಶಾಲೆ. ಸ್ಕೂಲಲ್ಲೇ ಮಲಗ್ತಾನಂತೆ ಎಂದು ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ಅಳು ಬಂತು.

ವಾದ್ಯಾರು ನಗಲಿಲ್ಲ. ಪಳ್ಳಿ ಎಂದು ಯಾಕೆ ಹೇಳಿದೆ ಎಂದು ಕೇಳಿದರು. ಅಳುತ್ತಲೇ ನನ್ನ ಗುಟ್ಟನ್ನು ಹೇಳಿದೆ. ಅವರು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ನಡುವೆ ಒಂದು ಗೆರೆ ಎಳೆದರು. ಒಂದು ಕಡೆ ನಾನು ಹೇಳಿದ ಕನ್ನಡದ ಮಾತುಗಳನ್ನು ತಮಿಳು ಅಕ್ಷರದಲ್ಲಿಯೇ ಬರೆದರು, ಇನ್ನೊಂದು ಕಡೆ ತಮಿಳಿನವು. ತಮಿಳಿನಲ್ಲಿ 'ಹ' ಅಕ್ಷರವಿಲ್ಲದ್ದರಿಂದ ಗ್ರಂಥಾಕ್ಷರ ಬಳಸಿದರು ಎಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಇನ್ನೂ ಹೇಳು, ಇನ್ನೂ ಹೇಳು ಎಂದು ಕೇಳುತ್ತ ಹೋದರು. ಒಂಬತ್ತು ಜೋಡಿಯಾದವು. ನಕ್ಕ ಹುಡುಗರೇ ಹತ್ತನೆಯದನ್ನು ಹುಡುಕತೊಡಗಿದರು. ಹಣ ಅಂದರೆ ಪಣಂ ಅಲ್ವಾ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಊರಿನಲ್ಲಿ ಬಿ.ಎ. ಮುಗಿಸಿ ಬೆಂಗಳೂರಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯಲು ಬಂದವನು, ಇಪ್ಪತ್ತರ ಮೇಲೆ ಕನ್ನಡದ ಅಕ್ಷರ ಕಲಿತು, ಕನ್ನಡ ಎಂ.ಎ. ಮಾಡಿ, ಇದೇ ಭಾಷೆಯನ್ನು ಕಲಿಸಿ ಬದುಕಿದ್ದರ ಮೊದಲು ಎಲ್ಲಿ ಎಂದು ಕೇಳಿದರೆ ನಾನು ಆ ಬೋರ್ಡನ್ನು ತೋರಿಸುತ್ತೇನೆ. ಆ ಹೊತ್ತಿನಲ್ಲಿ ವಾದ್ಯಾರೂ ಎಲ್ಲರ ಜೊತೆ ನಕ್ಕಿದ್ದರೆ ಮುಂದೆ ತರಗತಿಯಲ್ಲಿ ಬಾಯಿ ಬಿಡದ ಹುಡುಗ ಎಂದು ನಾನು ಹೆಸರಾಗುತ್ತಿದ್ದೆ.

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. 2006ರ ತಮಿಳು ಕಲಿಕೆ ಕಾಯ್ದೆಯಿಂದ ತಮಿಳು ಒಂದನೇ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ಹತ್ತನೇ ತರಗತಿಯ ಪರೀಕ್ಷೆಗೆ ಅದು ತಲುಪಿದಾಗಿನಿಂದ ಭಾಷಾ ಅಲ್ಪಸಂಖ್ಯಾತ ಮಕ್ಕಳು ವಿನಾಯಿತಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತ ಬಂದಿದ್ದಾರೆ, 2023ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದರು. ತಮಿಳು ಕಲಿಯುವುದು ಆ ಮಕ್ಕಳಿಗೆ ಒಳ್ಳೆಯದೇ, ನಾನು ಕಲಿತು ಶ್ರೀಮಂತನಾದವನು. ಪರೀಕ್ಷೆಗೆ ಮೂರು ತಿಂಗಳಿರುವಾಗ ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಗೊತ್ತಿಲ್ಲದೆ ಕೂರುವುದು ಯಾವ ಮಗುವಿಗೂ ಒಳ್ಳೆಯದಲ್ಲ.

ಇನ್ನು ಹೆಣ್ಣುಮಕ್ಕಳು. 1992ರಲ್ಲಿ ತಮಿಳುನಾಡು ಸರ್ಕಾರ ತೊಟ್ಟಿಲು ಮಗು ಯೋಜನೆಯನ್ನು ಮೊದಲು ಶುರು ಮಾಡಿದ್ದು ಸೇಲಂ ಜಿಲ್ಲೆಯಲ್ಲಿ. ಬೇಡವಾದ ಹೆಣ್ಣುಶಿಶುವನ್ನು ಕೊಲ್ಲಬೇಡಿ, ಇಲ್ಲಿ ಬಿಟ್ಟುಹೋಗಿ ಎಂದು ತೊಟ್ಟಿಲು ಇಡಬೇಕಾಗಿ ಬಂದ ನೆಲ ಅದು. 2001ರಲ್ಲಿ ಧರ್ಮಪುರಿಗೂ ಅದು ಬಂತು. ಅದೇ ವರ್ಷದ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 851 ಹೆಣ್ಣುಮಕ್ಕಳಿದ್ದರು. 2011ಕ್ಕೆ ಆ ಸಂಖ್ಯೆ 900 ದಾಟಿತು. ಹುಟ್ಟಿದ್ದೇ ತಪ್ಪು ಎಂಬ ಗಾಳಿಯಲ್ಲಿ ಬೆಳೆದ ಮಗುವಿನ ಗುರಿಯನ್ನು ಯಾವ ಅಳತೆಗೋಲಿನಲ್ಲಿ ಅಳೆಯುತ್ತೀರಿ? ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳನ್ನು ನೋಡಿದ ಒಂದು ಅಧ್ಯಯನ 2012ರಲ್ಲಿ ಬಂತು. ಎರಡು ಅವಧಿಗೆ ಹೆಂಗಸರೇ ಪಂಚಾಯಿತಿಯ ಪ್ರಧಾನರಾದ ಊರುಗಳಲ್ಲಿ ಹುಡುಗ ಹುಡುಗಿಯರ ಓದಿನ ಅಂತರ ಅಳಿಸಿಹೋಗಿತ್ತು. ಕಂಡವರ ಕೆಲಸ ಎಂದು ಆಗ ಹೇಳಿದ್ದು ಇದನ್ನೇ.

2022ರ ಸೆಪ್ಟೆಂಬರ್‌ನಿಂದ ತಮಿಳುನಾಡಿನಲ್ಲಿ 'ಪುದುಮೈ ಪೆಣ್' ಎಂಬ ಯೋಜನೆ ಇದೆ. ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿ ಕಾಲೇಜು ಸೇರಿದರೆ ಓದು ಮುಗಿಯುವವರೆಗೆ ತಿಂಗಳಿಗೆ 1000 ರೂಪಾಯಿ ಅವಳ ಖಾತೆಗೆ ಬರುತ್ತದೆ. ಮೊದಲು ಈ ಹಣ ಮದುವೆಯ ನೆರವಾಗಿ ಹೋಗುತ್ತಿತ್ತು. ಅದನ್ನು ಓದಿಗೆ ತಿರುಗಿಸಿದ್ದು ದೊಡ್ಡ ಕೆಲಸವೆಂದು ನಾನು ತಿಳಿದಿದ್ದೇನೆ. ಬಸ್ಸಿನ ಚಿಲ್ಲರೆಗೂ ಅಣ್ಣನ ಮುಂದೆ ಕೈಚಾಚುತ್ತಿದ್ದ ಹುಡುಗಿಗೆ ತನ್ನ ಹೆಸರಿನ ಖಾತೆಯಲ್ಲಿ ಸಾವಿರ ಇದೆ ಎಂಬುದು ನಡಿಗೆಯಲ್ಲಿಯೇ ಕಾಣುತ್ತದೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಅಕ್ಕನ ಮೊಮ್ಮಗಳು ಪ್ಲಸ್ ಟು ಮುಗಿಸಿ ಎಂಜಿನಿಯರಿಂಗ್ ಕೌನ್ಸೆಲಿಂಗಿಗೆ ಅರ್ಜಿ ಹಾಕುತ್ತಿದ್ದಳು. ಮನೆಯಲ್ಲಿ ಮೊದಲ ಪದವೀಧರರಾಗುವವರಿಗೆ ಇಂಥ ಓದಿನ ಬೋಧನಾ ಶುಲ್ಕದಲ್ಲಿ ರಿಯಾಯಿತಿ 2010ರಿಂದ ಇದೆ, ಅದಕ್ಕೊಂದು ಸರ್ಟಿಫಿಕೇಟು ಬೇಕು. ಅಜ್ಜ ಅಜ್ಜಿ, ಅಪ್ಪ ಅಮ್ಮ, ಅಣ್ಣ ತಮ್ಮಂದಿರು ಎಷ್ಟೆಷ್ಟು ಓದಿದ್ದಾರೆ ಎಂದು ಬರೆಯಬೇಕು. ಅಜ್ಜಿಯ ತಮ್ಮನ ಎಂ.ಎ. ಅದರಲ್ಲಿ ಲೆಕ್ಕಕ್ಕಿಲ್ಲ. ಸರಿಯಾದ ಲೆಕ್ಕವೇ ಅದು. ನನ್ನ ಡಿಗ್ರಿ ಅಕ್ಕನ ಮನೆಯೊಳಗೆ ಯಾವತ್ತೂ ಹೋಗಲಿಲ್ಲ. ಇ-ಸೇವೈ ಕೇಂದ್ರಕ್ಕೆ ಹೋಗುವ ಮೊದಲು ಹುಡುಗಿ ಒಂದು ಹಾಳೆಯಲ್ಲಿ ಎಲ್ಲರ ಹೆಸರನ್ನೂ ಬರೆದುಕೊಳ್ಳುತ್ತಿದ್ದಳು. ಅಪ್ಪ ಹತ್ತು, ಅಮ್ಮ ಒಂಬತ್ತು. ಅಜ್ಜಿಯ ಹೆಸರು ಬಂತು.

"ಅಜ್ಜಿ, ನೀನು ಎಷ್ಟರ ತನಕ ಓದಿದ್ದೀಯ?"

ಅಕ್ಕ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣು ಎತ್ತಲಿಲ್ಲ. "ಎಂಟು" ಎಂದಳು.

ಹುಡುಗಿ ಎಂಟು ಎಂದು ಬರೆದು ಮುಂದಿನ ಹೆಸರಿಗೆ ಹೋದಳು. ಅಕ್ಕ ಮೊರವನ್ನು ಕೆಳಗಿಟ್ಟಳು.

"ಎಂಟು ಪಾಸು ಅಂತ ಬರಿ. ಫೇಲಾಗಿ ಬಿಟ್ಟದ್ದಲ್ಲ."